ಒಂದೇ ಇಂಜಿನ್‌ಗೆ ಗ್ಲೋ, ಆಮೇಲೆ ಸ್ಪಾರ್ಕ್: ನನ್ನ ಅನುಭವ

ನನ್ನ ಹತ್ತಿರ ರೇಡಿಯೋದಿಂದ ಹಾರಿಸುವ ಮಾದರಿ ವಿಮಾನದ 15 ಸಿಸಿಯ ಫೋರ್‌ಸ್ಟ್ರೋಕ್ ಗ್ಲೋ ಇಂಜಿನ್ ಇದೆ. ಶಕ್ತಿಗೆ ಕೊರತೆಯಿಲ್ಲ. ಆದರೆ ವಿಮಾನ ಇಳಿಸುವಾಗ ಥ್ರಾಟಲ್ ತಗ್ಗಿಸಿದರೆ ಎಷ್ಟೋ ಸಲ ನಿಂತೇಬಿಡುತ್ತಿತ್ತು. ಅದಕ್ಕೇ ಗ್ಲೋ ಬದಲು ಸ್ಪಾರ್ಕ್, ಅಂದರೆ ವಿದ್ಯುತ್ ಕಿಡಿಯಿಂದ ಇಂಧನ ಹೊತ್ತಿಸುವ ಏರ್ಪಾಟು, ಹಾಕಿ ನೋಡಿದೆ.

ಗ್ಲೋ ಪ್ಲಗ್‌ಗೆ ಶುರುವಿನಲ್ಲಿ ಸುಮಾರು 1.5 ವೋಲ್ಟ್ ಕೊಟ್ಟರೆ ಸಾಕು, ಒಳಗಿನ ಪ್ಲಾಟಿನಂ ಸುರುಳಿ ಕೆಂಪಗಾಗುತ್ತದೆ. ಆಮೇಲೆ ಬ್ಯಾಟರಿ ತೆಗೆದರೂ ಆರುವುದಿಲ್ಲ. ಇಂಧನದಲ್ಲಿರುವ ಮೆಥನಾಲ್ ಪ್ಲಾಟಿನಂಗೆ ತಾಗಿ ಉರಿಯುತ್ತಾ ಅದನ್ನು ಬಿಸಿಯಾಗಿಯೇ ಇಡುತ್ತದೆ. ಎಷ್ಟು ಚಂದದ ಏರ್ಪಾಟು! ಆದರೆ ಇಂಧನ ಯಾವ ಕ್ಷಣಕ್ಕೆ ಹೊತ್ತಿಕೊಳ್ಳಬೇಕು ಅನ್ನೋದು ನಮ್ಮ ಕೈಯಲ್ಲಿಲ್ಲ. ಪ್ಲಗ್‌ನ ಬಿಸಿ, ಕಂಪ್ರೆಷನ್, ನೀಡಲ್ (ಇಂಧನದ ಪ್ರಮಾಣ ಹೊಂದಿಸುವ ತಿರುಪು), ಇಂಧನಕ್ಕೆ ಬೆರೆಸುವ ನೈಟ್ರೋಮೀಥೇನ್ ಎಲ್ಲ ಸೇರಿ ಅದನ್ನು ತೀರ್ಮಾನಿಸುತ್ತವೆ. ಐಡಲ್‌ನಲ್ಲಿ (ಥ್ರಾಟಲ್ ತಗ್ಗಿಸಿದಾಗಿನ ನಿಧಾನದ ಓಟದಲ್ಲಿ) ಸುರುಳಿ ತಣ್ಣಗಾದರೆ ಇಂಜಿನ್ ನಿಂತ ಹಾಗೇ.

ಮೊದಲಿಗೆ ಇಂಧನ ಬದಲಿಸಲಿಲ್ಲ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗುವುದಿಲ್ಲ ಅಲ್ವಾ? ಗ್ಲೋ ಪ್ಲಗ್‌ನ ತೂತಿಗೇ ಕೂರುವ ಪುಟ್ಟ ಸ್ಪಾರ್ಕ್ ಪ್ಲಗ್ ಹಾಕಿದೆ. ಪ್ರೊಪೆಲ್ಲರ್ ಹಬ್‌ಗೆ ಒಂದು ಅಯಸ್ಕಾಂತ, ಅದರ ಎದುರಿಗೆ ಅಯಸ್ಕಾಂತ ಹಾದುಹೋದದ್ದನ್ನು ಗುರುತಿಸುವ ಹಾಲ್ ಸೆನ್ಸರ್. ಹೀಗೆ ಮಾಡಿದರೆ ಪ್ರತಿ ಸುತ್ತಿಗೂ ಕಿಡಿ ಬರುತ್ತದೆ. ಹೊಗೆ ಹೊರಹೋಗುವಾಗಿನ ಕಿಡಿ ಸುಮ್ನೆ ಖರ್ಚು, ತೊಂದರೆಯೇನಿಲ್ಲ.

ತೊಂದರೆ ಆದದ್ದು ನನ್ನ ಅವಸರದಿಂದ. ಸೆನ್ಸರನ್ನು ಕಣ್ಣಳತೆಯಲ್ಲಿ ಕೂರಿಸಿದ್ದೆ. ಕಿಡಿ ತೀರಾ ಮೊದಲೇ ಬಿದ್ದು ಪ್ರೊಪೆಲ್ಲರ್ ಹಿಂದಕ್ಕೆ ಒದೆಯಿತು. ಸ್ಟಾರ್ಟಿಂಗ್ ಕೋಲು ಬಳಸಿದ್ದಕ್ಕೆ ಬೆರಳು ಉಳಿಯಿತು. ಆಮೇಲೆ ಕೋನ ಅಳೆಯುವ ಡಿಗ್ರಿ ಚಕ್ರ ಕಟ್ಟಿ, ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ 28 ಡಿಗ್ರಿ ಮುಂಚೆ ಎಂದು ಹೊಂದಿಸಿದೆ. ಸ್ಟಾರ್ಟ್ ಮಾಡುವಾಗ ಕಿಡಿ ಹುಟ್ಟಿಸುವ ಎಲೆಕ್ಟ್ರಾನಿಕ್ ಮಾಡ್ಯೂಲ್ ತಾನೇ ಕಿಡಿಯನ್ನು ತಡಮಾಡುತ್ತದೆ.

ಪೂರ್ತಿ ಥ್ರಾಟಲ್‌ನಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಐಡಲ್ ಮಾತ್ರ ಬೇರೆ ಇಂಜಿನ್ನೇ ಅನ್ನಿಸುವಷ್ಟು ಬದಲಾಯಿತು. ನೈಟ್ರೋ ಪೂರ್ತಿ ಬಿಟ್ಟೆ, ಆದರೂ ಇಳಿಸುವಾಗ ನಿಲ್ಲಲಿಲ್ಲ. ರೇಡಿಯೋಗೆ ಅಡ್ಡಿಯಾಗದಂತೆ ಪ್ಲಗ್‌ಗೆ ಲೋಹದ ಕವಚ ಹಾಕಿ, ಮಾಡ್ಯೂಲನ್ನು ರಿಸೀವರ್‌ನಿಂದ 30 ಸೆಂ.ಮೀ.ಗಿಂತ ದೂರ ಇಟ್ಟೆ.

ಆಮೇಲೆ ಪೆಟ್ರೋಲ್‌ಗೆ ಎಣ್ಣೆ ಬೆರೆಸಿ ಓಡಿಸಿದೆ. ಖರ್ಚಾದ ಇಂಧನ ಅರ್ಧಕ್ಕಿಂತ ಕಡಿಮೆ. ಆದರೆ ಇಂಧನದ ಸಿಲಿಕೋನ್ ಕೊಳವೆ ಉಬ್ಬಿಹೋಯಿತು, ಇಂಜಿನ್ ಜಾಸ್ತಿ ಬಿಸಿಯಾಯಿತು. ಮೆಥನಾಲ್‌ಗೆಂದು ಮಾಡಿದ ನೀಡಲ್ ಒಂದು ಕ್ಲಿಕ್ ತಿರುಗಿಸಿದರೂ ಓಟ ಕೆಡುತ್ತಿತ್ತು. ಹಾಗಾಗಿ ಈ ಇಂಜಿನ್ ಈಗ ಸ್ಪಾರ್ಕ್ ಮತ್ತು ಮೆಥನಾಲ್ ಜೊತೆಗೇ ಹಾರುತ್ತಿದೆ. ನನ್ನ ಚಿಕ್ಕ ಇಂಜಿನ್‌ಗಳಲ್ಲಿ ಗ್ಲೋ ಹಾಗೇ ಇದೆ. ಅಷ್ಟು ಹಗುರ ವಿಮಾನಕ್ಕೆ ಮಾಡ್ಯೂಲ್ ಮತ್ತು ಬ್ಯಾಟರಿಯ ಭಾರ ಹೊರಿಸುವುದು ನನಗೆ ಸರಿ ಅನ್ನಿಸುವುದಿಲ್ಲ.