ಚಂದ್ರನ ಕುಳಿ ಬಿಡಿಸಬೇಕಾ? ಹುಣ್ಣಿಮೆ ಬಿಡಿ, ನವಮಿ ಹಿಡಿಯಿರಿ

ಬಳ್ಳಾರಿಯಲ್ಲಿ ಮನೆಯಲ್ಲೇ ಟೆಲಿಸ್ಕೋಪ್ ಇಟ್ಟುಕೊಂಡು ಚಂದ್ರನ ಚಿತ್ರ ಬಿಡಿಸಲು ಹೊರಟಿರುವವರಿಗೆ ಒಂದು ಸಲಹೆ. ಹುಣ್ಣಿಮೆಗೆ ಕಾಯಬೇಡಿ. ಅವತ್ತು ಬಿಸಿಲು ನೇರವಾಗಿ ಬೀಳುತ್ತದೆ, ನೆರಳೇ ಇರುವುದಿಲ್ಲ. ನೆರಳಿಲ್ಲದೆ ಕುಳಿಯ ಆಳ ಗೊತ್ತಾಗುವುದಾದರೂ ಹೇಗೆ, ಅಲ್ವಾ?

ಬೆಳಕು ಕತ್ತಲು ಸೇರುವ ಗೆರೆಯ ಪಕ್ಕದಲ್ಲೇ ನೋಡಿ. ಶುಕ್ಲ ಪಕ್ಷದ ಷಷ್ಠಿಯ ಹೊತ್ತಿಗೆ ಥಿಯೋಫಿಲಸ್ ಎಂಬ ಕುಳಿ ಕಾಣುತ್ತದೆ, ಅದರ ನಡುವಿನ ಬೆಟ್ಟದ ಸಮೇತ. ದಶಮಿ ಏಕಾದಶಿಗೆ ಕೋಪರ್ನಿಕಸ್, ಸುಮಾರು 93 ಕಿ.ಮೀ. ಅಗಲ. ನನಗೆ ಎಲ್ಲಕ್ಕಿಂತ ಇಷ್ಟ ನವಮಿ. ಟಾಲೆಮಿಯಸ್, ಅಲ್ಫಾನ್ಸಸ್, ಅರ್ಜಾಕೆಲ್ ಮೂರೂ ಸಾಲಾಗಿ ನಿಂತಿರುತ್ತವೆ.

ಒಂದೇ ಕುಳಿ ಆರಿಸಿಕೊಳ್ಳಿ. ಹಾಳೆಯಲ್ಲಿ ಅಂಗೈ ಅಗಲ ಬರಲಿ, ಚಿಕ್ಕದಾದರೆ ವಿವರ ಹಿಡಿಯುವುದಿಲ್ಲ. ಮೊದಲು ಅಂಚು, ಆಮೇಲೆ ತಕ್ಷಣ ಕಪ್ಪು ನೆರಳಿನ ಗಡಿ. ಗಂಟೆಯೊಳಗೆ ಆ ನೆರಳು ಸರಿದಿರುತ್ತದೆ. ಗಡಿ ಗುರುತಾದರೆ ಸಾಕು, ಕಪ್ಪು ತುಂಬುವುದನ್ನು ಒಳಗೆ ಬಂದು ನಿಧಾನವಾಗಿ ಮಾಡಬಹುದು. 2ಬಿ ಪೆನ್ಸಿಲ್ ಸಾಕು.

ನಮ್ಮೂರಿನ ಬಿಸಿಲಿಗೆ ಕಾದ ಮಾಳಿಗೆ ರಾತ್ರಿಯೂ ಝಳ ಬಿಡುತ್ತಿರುತ್ತದೆ. ಅದರ ಮೇಲಿಂದ ನೋಡಿದರೆ ಕುಳಿಯ ಅಂಚು ನೀರೊಳಗಿನ ಕಲ್ಲಿನಂತೆ ಅಲ್ಲಾಡುತ್ತದೆ. ಹಿತ್ತಲಿನ ಮಣ್ಣು ನೆಲವೇ ಜಾಸ್ತಿ ಒಳ್ಳೆಯದು. ಟೆಲಿಸ್ಕೋಪನ್ನು ಅರ್ಧ ಗಂಟೆ ಮೊದಲೇ ಹೊರಗಿಡಿ.

ದಿನಾಂಕ, ಸಮಯ, ಎಷ್ಟು ಪಟ್ಟು ದೊಡ್ಡದಾಗಿ ಕಂಡಿತು ಎಂಬುದನ್ನು ಹಾಳೆಯ ಮೂಲೆಯಲ್ಲಿ ಬರೆಯಿರಿ. ನ್ಯೂಟೋನಿಯನ್ (ಕನ್ನಡಿ ಬಳಸುವ) ಟೆಲಿಸ್ಕೋಪಿನಲ್ಲಿ ಚಿತ್ರ ತಲೆಕೆಳಗಾಗಿ ಕಾಣುತ್ತದೆ. ಕಂಡಂತೆಯೇ ಬಿಡಿಸಿ, ನಕ್ಷೆಗೆ ಹೋಲಿಸುವಾಗ ಹಾಳೆ ತಿರುಗಿಸಿಕೊಳ್ಳಿ.