ಕ್ರಿಸ್‌ಮಸ್ ಗದ್ದಲದಿಂದ ಹೊರಗುಳಿಯುವುದು ಹೇಗೆ?

ಈ ವರ್ಷ ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ಸಡಗರ ಬೇಡ ಎಂದು ತೀರ್ಮಾನಿಸುವ ಕುಟುಂಬಗಳನ್ನು ಕೋಲಾರ, ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆಗಳಲ್ಲಿ ನಾನು ಹಲವು ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ತೀರದ ಕೈಸಾಲ, ಮನೆಯಲ್ಲೊಂದು ಕಾಯಿಲೆ, ಅಥವಾ ವರ್ಷವಿಡೀ ದುಡಿದ ಹೆಂಗಸಿಗೆ ಇನ್ನೊಂದು ವಾರ ಒಲೆ ಮುಂದೆ ನಿಲ್ಲಲು ಇಲ್ಲದ ತ್ರಾಣ, ಹೀಗೆ ಕಾರಣ ಯಾವುದೇ ಇರಲಿ, ಆ ತೀರ್ಮಾನದಲ್ಲಿ ತಪ್ಪೇನೂ ಇಲ್ಲ. ಬಹುತೇಕರು ಎಡವುವುದು ಅದನ್ನು ನಡೆಸುವ ರೀತಿಯಲ್ಲಿ. ಡಿಸೆಂಬರ್ 20ರವರೆಗೆ ಯಾರಿಗೂ ಬಾಯಿ ಬಿಡದೆ ಇದ್ದು, ಆಮೇಲೆ ಫೋನ್ ಆಫ್ ಮಾಡಿ, ಬಾಗಿಲಿಗೆ ಬೀಗ ಹಾಕಿ ಊರು ಬಿಡುತ್ತಾರೆ. ಹಬ್ಬದ ಖರ್ಚು ಉಳಿಯುತ್ತದೆ, ನಿಜ; ಆದರೆ ತಾಯಿಯೂ ಅತ್ತಿಗೆಯೂ ಈಸ್ಟರ್ ಬಂದರೂ ಮುಖ ಕೊಟ್ಟು ಮಾತಾಡುವುದಿಲ್ಲ, ಮುಂದಿನ ವರ್ಷ ಆ ಮುನಿಸನ್ನು ತೀರಿಸಲಿಕ್ಕೆಂದೇ ಎರಡರಷ್ಟು ಖರ್ಚಿನ ಹಬ್ಬ ಮಾಡಬೇಕಾಗುತ್ತದೆ.

ಮೊದಲ ಕೆಲಸವೆಂದರೆ ಏನನ್ನು ಬಿಡುತ್ತೀರಿ, ಏನನ್ನು ಇಟ್ಟುಕೊಳ್ಳುತ್ತೀರಿ ಎಂದು ಒಂದು ಹಾಳೆಯಲ್ಲಿ ಬರೆಯುವುದು. ಹೊಸ ಬಟ್ಟೆ, ಕೇಕ್, ಕಲ್‌ಕಲ್ ಎಂಬ ಕರಿದ ಸಿಹಿ ತಿಂಡಿ, ರೋಸ್ ಕುಕೀಸ್, ನಕ್ಷತ್ರ, ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿ, ನೆಂಟರಿಗೆ ಬಿರಿಯಾನಿ, ಮಕ್ಕಳಿಗೆ ಉಡುಗೊರೆ, ಸುಣ್ಣ ಬಣ್ಣ ಎಲ್ಲವನ್ನೂ ಬರೆದು, ಒಂದೊಂದರ ಎದುರಿಗೂ ಅದರ ಖರ್ಚನ್ನು ಮತ್ತು ಅದಕ್ಕಾಗಿ ದುಡಿಯುವವರ ಹೆಸರನ್ನು ಬರೆಯಿರಿ. ಹೆಸರಿನ ಸಾಲಿನಲ್ಲಿ ಒಬ್ಬರೇ ಮತ್ತೆ ಮತ್ತೆ ಬಂದರೆ, ಬಿಡುವ ಪಟ್ಟಿ ಅವರ ಕೆಲಸಗಳಿಂದಲೇ ಶುರುವಾಗಲಿ. ಆರಾಧನೆಯನ್ನು ಮಾತ್ರ ಈ ಹಾಳೆಗೆ ತರಬೇಡಿ. ಕಥೋಲಿಕರಿಗೆ ಕ್ರಿಸ್ತ ಜಯಂತಿಯ ಬಲಿಪೂಜೆ, ಅಂದರೆ ಚರ್ಚಿನ ಆರಾಧನೆ, ಕಡ್ಡಾಯ ಕರ್ತವ್ಯ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹಾಗೆ ಹೇಳದಿದ್ದರೂ ಆ ಬೆಳಿಗ್ಗೆ ನಿಮ್ಮ ಬೆಂಚು ಖಾಲಿ ಇದ್ದರೆ ಎಲ್ಲರಿಗೂ ಗೊತ್ತಾಗುತ್ತದೆ. ನಂಬಿಕೆಯ ವಿಷಯದಲ್ಲೇ ನಿಮಗೆ ಬೇರೆ ನಿಲುವು ಇದ್ದರೆ ಅದನ್ನು ಇನ್ನೊಂದು ಕಾಲದಲ್ಲಿ, ಅದರದೇ ಗಾಂಭೀರ್ಯದಲ್ಲಿ ಮಾತಾಡಿ. ಎರಡನ್ನೂ ಒಂದೇ ವರ್ಷ ಕೈಗೆತ್ತಿಕೊಂಡರೆ, ಖರ್ಚು ಕಡಿಮೆ ಮಾಡಲು ಹೊರಟವರನ್ನು ವಿಶ್ವಾಸ ಬಿಟ್ಟವರೆಂದು ತಿಳಿದು ಚರ್ಚಿನ ಅಯ್ಯನವರು (ಪಾದ್ರಿಗಳು) ಮನೆಗೆ ಬುದ್ಧಿ ಹೇಳಲು ಬರುತ್ತಾರೆ, ಮಾತು ದಾರಿ ತಪ್ಪುತ್ತದೆ.

ಎರಡನೆಯದು ಸಮಯ. ಹೇಳುವುದನ್ನು ಅಕ್ಟೋಬರ್ ಮುಗಿಯುವುದರೊಳಗೆ ಹೇಳಿ ಮುಗಿಸಬೇಕು. ಕೇಕಿಗೆ ಒಣದ್ರಾಕ್ಷಿ, ಗೋಡಂಬಿ, ಟೂಟಿ ಫ್ರೂಟಿ ನೆನೆಹಾಕಿದ ಮೇಲೆ, ದರ್ಜಿಗೆ ಬಟ್ಟೆ ಕೊಟ್ಟ ಮೇಲೆ, ಸಂಡೆ ಸ್ಕೂಲಿನ ನಾಟಕದಲ್ಲಿ ನಿಮ್ಮ ಮಗುವಿಗೆ ಕುರುಬನ ಪಾತ್ರ ಸಿಕ್ಕ ಮೇಲೆ ಹೇಳಿದರೆ ಆಗಿಹೋದ ಕೆಲಸವನ್ನು ಕೆಡಿಸಿದಂತಾಗುತ್ತದೆ. ಕ್ರಿಸ್‌ಮಸ್‌ಗೆ ಮುಂಚಿನ ಸಿದ್ಧತೆಯ ವಾರಗಳಾದ ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಬರುತ್ತದೆ. ಆ ಭಾನುವಾರದ ಹೊತ್ತಿಗೆ ಚರ್ಚಿನ ಎಲ್ಲ ಪಟ್ಟಿಗಳೂ ತಯಾರಾಗಿರುತ್ತವೆ.

ಎಲ್ಲರೂ ಕೆಡಿಸಿಕೊಳ್ಳುವುದು ಮೂರನೆಯ ಹಂತವನ್ನು, ಅಂದರೆ ಮನೆಯ ಹಿರಿಯರಿಗೆ ಹೇಳುವುದನ್ನು. ಇಲ್ಲಿ ಹಿರಿಯರೆಂದರೆ ಹಣ ಕೊಡುವವರಲ್ಲ, ಹಬ್ಬ ಯಾರ ಕೈಯಲ್ಲಿ ನಡೆಯುತ್ತದೆಯೋ ಅವರು. ನಮ್ಮ ಕಡೆ ಅದು ಸಾಮಾನ್ಯವಾಗಿ ತಾಯಿ, ಇಲ್ಲವೆಂದರೆ ಅತ್ತೆ ಅಥವಾ ದೊಡ್ಡಕ್ಕ. ಅವರಿಗೆ ಫೋನಿನಲ್ಲಿ ಹೇಳಬೇಡಿ. ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಂತೂ ಎಂದಿಗೂ ಹಾಕಬೇಡಿ. ಅಲ್ಲಿ ಅಮ್ಮನಿಗಿಂತ ಮೊದಲು ಚಿಕ್ಕಪ್ಪ ಉತ್ತರ ಬರೆದಿರುತ್ತಾರೆ, ಅಮ್ಮ ತನ್ನ ಮನಸ್ಸಿಗಿಂತ ಮೊದಲು ತನ್ನ ಮಾನ ಕಾಯಬೇಕಾಗುತ್ತದೆ. ಭಾನುವಾರ ಆರಾಧನೆ ಮುಗಿದ ಹೊತ್ತೂ ಬೇಡ. ವಾರದ ನಡುವೆ, ಮಧ್ಯಾಹ್ನ, ಅವರೊಬ್ಬರೇ ಇರುವಾಗ ಹೋಗಿ, ಅಡುಗೆಮನೆಯಲ್ಲಿ ಕೂತು, ಅವರ ಕೈಯಲ್ಲಿರುವ ಕೆಲಸಕ್ಕೆ ಕೈ ಹಾಕಿ. ಇಬ್ಬರೂ ಬೆಳ್ಳುಳ್ಳಿ ಸುಲಿಯುತ್ತಿದ್ದರೆ ಮಾತಿನ ನಡುವಿನ ಮೌನ ಇಬ್ಬರಿಗೂ ಭಾರವಾಗುವುದಿಲ್ಲ.

ಮಾತು ಏನು ಮಾಡುತ್ತೀರಿ ಎಂಬುದರಿಂದ ಶುರುವಾಗಲಿ, ಏನು ಬಿಡುತ್ತೀರಿ ಎಂಬುದು ಆಮೇಲೆ ಬರಲಿ. “ಅಮ್ಮ, ಹಬ್ಬದ ದಿನ ಬೆಳಿಗ್ಗೆ ನಿನ್ನ ಜೊತೆ ಚರ್ಚಿಗೆ ಬರ್ತೀನಿ, ಮಧ್ಯಾಹ್ನ ನಿನ್ನ ಮನೇಲೇ ಊಟ ಮಾಡ್ತೀನಿ. ಬಟ್ಟೆ ತೆಗೆಯೋದು, ನೆಂಟರನ್ನ ಕರೆಯೋದು, ತಿಂಡಿ ಹಂಚೋದು ಈ ಸಲ ಬೇಡ” ಎಂಬಷ್ಟು ಸಾಕು. ಇದಕ್ಕೆ ಬರುವ ಉತ್ತರಗಳು ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಒಂದೇ. “ಜನ ಏನಂದಾರು” ಎಂದರೆ, ಜನರಿಗೆ ನಾನೇ ಹೇಳುತ್ತೇನೆ, ನೀನು ಯಾರಿಗೂ ಉತ್ತರ ಕೊಡಬೇಕಾಗಿಲ್ಲ ಎಂದು ಹೇಳಿ, ಹೇಳಿದಂತೆ ನಡೆದುಕೊಳ್ಳಿ. “ನಿಮ್ಮಪ್ಪ ಇದ್ದಿದ್ದರೆ” ಎಂದರೆ ವಾದಕ್ಕೆ ಇಳಿಯಬೇಡಿ. ಅಪ್ಪ ಹಬ್ಬ ಹೇಗೆ ಮಾಡುತ್ತಿದ್ದರೆಂದು ಕೇಳಿ, ಅವರು ಹೇಳಿ ಮುಗಿಸುವವರೆಗೆ ಎದ್ದು ಹೋಗಬೇಡಿ. “ದುಡ್ಡಿಲ್ಲದಿದ್ದರೆ ನಾನು ಕೊಡ್ತೀನಿ” ಎಂಬ ಮೂರನೆಯ ಮಾತಿಗೆ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಅಮ್ಮಂದಿರು ಬಳೆ ಅಡ ಇಟ್ಟಾದರೂ ಮೊಮ್ಮಕ್ಕಳಿಗೆ ಬಟ್ಟೆ ತರುತ್ತಾರೆ. ಆದ್ದರಿಂದ ಉಳಿಯುವ ಹಣ ಎಷ್ಟು, ಅದು ಯಾವ ಸಾಲಕ್ಕೆ ಅಥವಾ ಯಾವ ಫೀಸಿಗೆ ಹೋಗುತ್ತದೆ ಎಂಬುದನ್ನು ಮುಚ್ಚಿಡದೆ ಹೇಳಿ. “ಕಷ್ಟ ಇದೆ” ಎಂಬ ಮಾತು ಅವರನ್ನು ಸಾಲಕ್ಕೆ ಕಳಿಸುತ್ತದೆ. ಲೆಕ್ಕ ಹೇಳಿದರೆ ಒಪ್ಪುತ್ತಾರೆ.

ರೋಸ್ ಕುಕೀಸ್ ಅಚ್ಚಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಕಬ್ಬಿಣದ ಆ ಅಚ್ಚನ್ನು ಕಾದ ಎಣ್ಣೆಯಲ್ಲಿ ಬಿಸಿ ಮಾಡಿ, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಿ, ಮತ್ತೆ ಎಣ್ಣೆಗೆ ಇಳಿಸಿ ಮೆಲ್ಲಗೆ ಅಲುಗಿಸಿದಾಗ ಹೂವು ಬಿಟ್ಟುಕೊಂಡು ತೇಲಬೇಕು. ಒಂದು ಕೂದಲೆಳೆ ಹೆಚ್ಚು ಅದ್ದಿದರೂ ಹಿಟ್ಟು ಅಚ್ಚಿನ ಮೇಲೆ ಹತ್ತಿ ಮುಚ್ಚಿಕೊಳ್ಳುತ್ತದೆ, ಬಿಡಿಸಲಾಗುವುದಿಲ್ಲ. ಇದನ್ನು ಜೀವಮಾನವಿಡೀ ತಪ್ಪಿಲ್ಲದೆ ಮಾಡಿದ ಕೈಗೆ “ಯಾಕೆ ಸುಮ್ಮನೆ ಕಷ್ಟ ಪಡ್ತೀಯ” ಎಂದು ಹೇಳುವುದು ಅವಮಾನ. ಅವರಿಗೆ ಮಾಡಬೇಕೆನ್ನಿಸಿದರೆ ಒಂದು ಪಾವು ಅಕ್ಕಿ ಹಿಟ್ಟಿನಷ್ಟು, ಮನೆ ಮಟ್ಟಿಗೆ ಮಾಡಲಿ, ನೀವು ಪಕ್ಕದಲ್ಲಿ ಕೂತು ಎಣ್ಣೆ ಸೋಸಿ ಕೊಡಿ. ನಿಲ್ಲಿಸಬೇಕಾದದ್ದು ಡಬ್ಬಗಟ್ಟಲೆ ಮಾಡಿ ಬೀದಿಗೆಲ್ಲ ಹಂಚುವ ಹೊರೆಯನ್ನು. ಅಮ್ಮ ಮಾಡುವುದು ಬೇಡವೆಂದು ಬೇಕರಿಯ ಪೊಟ್ಟಣ ತಂದಿಡುವ ಅಡ್ಡದಾರಿಯನ್ನು ದಯವಿಟ್ಟು ಹಿಡಿಯಬೇಡಿ. ಡಿಸೆಂಬರಿನಲ್ಲಿ ರಾಶಿ ಹಾಕುವ ಆ ಪೊಟ್ಟಣಗಳಲ್ಲಿ ಅರ್ಧ ಮುರಿದಿರುತ್ತವೆ, ಉಳಿದವು ಹಳೆ ಎಣ್ಣೆಯ ಮುಗ್ಗು ವಾಸನೆ ಹೊಡೆಯುತ್ತವೆ. ಡಾಲ್ಡಾ ಜಿಡ್ಡು ಬಾಯಿಗೆ ಅಂಟುವ ಅಗ್ಗದ ಪ್ಲಮ್ ಕೇಕಿಗೂ ಇದೇ ಮಾತು. ಮಾಡುವುದಾದರೆ ಮನೆಯಲ್ಲಿ ಮಾಡಿ, ಇಲ್ಲವೆಂದರೆ ಪೂರ್ತಿ ಬಿಡಿ.

“ಹಿಂದಿನಿಂದ ನಡೆದುಕೊಂಡು ಬಂದದ್ದು” ಎಂಬ ಮಾತು ನಿಮ್ಮ ಮನಸ್ಸನ್ನೇ ಕಾಡುತ್ತಿದ್ದರೆ ಚರಿತ್ರೆ ಸ್ವಲ್ಪ ನೆರವಾಗುತ್ತದೆ. ಯೇಸು ಹುಟ್ಟಿದ ದಿನಾಂಕ ಬೈಬಲ್ಲಿನಲ್ಲಿ ಎಲ್ಲಿಯೂ ಇಲ್ಲ. ರೋಮ್ ನಗರದಲ್ಲಿ ಡಿಸೆಂಬರ್ 25ರ ಆಚರಣೆಗೆ ಸಿಗುವ ಹಳೆಯ ದಾಖಲೆ ಕ್ರಿ.ಶ. 336ರದು. ಇಂಗ್ಲೆಂಡಿನ ಪಾರ್ಲಿಮೆಂಟು 1647ರಲ್ಲಿ ಈ ಹಬ್ಬವನ್ನೇ ರದ್ದು ಮಾಡಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಹಬ್ಬ ಮಾಡಿದವರಿಗೆ ಐದು ಶಿಲ್ಲಿಂಗ್ ದಂಡವಿತ್ತು. ಸ್ಕಾಟ್ಲೆಂಡಿನಲ್ಲಿ ಕ್ರಿಸ್‌ಮಸ್ ಸಾರ್ವಜನಿಕ ರಜೆಯಾದದ್ದು 1958ರಲ್ಲಿ. ಹಾಗೆ ನಿಷೇಧಿಸಿದವರೂ ಗಟ್ಟಿ ಕ್ರೈಸ್ತರೇ. ಅಚ್ಚಾದ ಶುಭಾಶಯ ಪತ್ರ 1843ರಲ್ಲಿ ಲಂಡನ್ನಿನಲ್ಲಿ ಶುರುವಾದದ್ದು. ಗೋದಲಿಯ ರೂಢಿ ಮಾತ್ರ ಹಳೆಯದು, ಸಂತ ಫ್ರಾನ್ಸಿಸ್ಸರು 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಏರ್ಪಡಿಸಿದ ದೃಶ್ಯದಿಂದ ಬೆಳೆದದ್ದು. ನನ್ನನ್ನು ಕೇಳಿದರೆ ಅಲಂಕಾರದಲ್ಲಿ ಇಟ್ಟುಕೊಳ್ಳಲು ತಕ್ಕದ್ದು ಅದೊಂದೇ. ಇಷ್ಟೆಲ್ಲ ತಿಳಿದಿದ್ದರೂ ಅಮ್ಮನ ಮುಂದೆ ಇದನ್ನು ಒಪ್ಪಿಸಬೇಡಿ. ದಣಿವಿನ ಮಾತನ್ನು ದಣಿವಿನ ಮಾತಾಗಿಯೇ ಹೇಳಬೇಕು.

ಸುಳ್ಳನ್ನೂ ಹೇಳಬೇಡಿ. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ದುಡಿಯುವವರು “ಆ ದಿನ ಶಿಫ್ಟ್ ಇದೆ” ಎನ್ನುವುದು ಈಗ ವಾಡಿಕೆಯಾಗಿದೆ. ನಿಮ್ಮ ಕಾರ್ಖಾನೆಯ ಬಸ್ಸಿನಲ್ಲೇ ಬರುವ ಇನ್ನೊಬ್ಬರು ನಿಮ್ಮ ತಾಯಿಯ ಹಿಂದಿನ ಸಾಲಿನಲ್ಲಿ ಕೂತಿರುತ್ತಾರೆ, ಆರಾಧನೆ ಮುಗಿಯುವಷ್ಟರಲ್ಲಿ ನಿಜ ತಿಳಿಯುತ್ತದೆ. ಒಮ್ಮೆ ಸುಳ್ಳು ಸಿಕ್ಕಿಬಿದ್ದರೆ ನಿಮ್ಮ ನಿಜವಾದ ಕಾರಣವನ್ನೂ ಯಾರೂ ನಂಬುವುದಿಲ್ಲ.

ಕ್ಯಾರಲ್ಸ್ ತಂಡಕ್ಕೆ ಸಂಬಂಧಿಸಿದಂತೆ ಯುವಜನ ಸಂಘದ ಕಾರ್ಯದರ್ಶಿಗೆ ನವೆಂಬರಿನಲ್ಲೇ ತಿಳಿಸಿ. ಬರಲೇಬೇಡಿ ಎನ್ನುವುದಕ್ಕಿಂತ, ಬಾಗಿಲಲ್ಲಿ ಒಂದು ಹಾಡು ಹಾಡಿ ಪ್ರಾರ್ಥನೆ ಮಾಡಿ ಹೊರಡಿ, ತಿಂಡಿ ಇರುವುದಿಲ್ಲ, ಕಾಣಿಕೆಯನ್ನು ಚರ್ಚಿನಲ್ಲೇ ಕೊಡುತ್ತೇವೆ ಎಂದು ಹೇಳುವುದು ಉತ್ತಮ. ರಾತ್ರಿ ಹನ್ನೊಂದರ ಚಳಿಯಲ್ಲಿ ಹಾಡಿಕೊಂಡು ಬರುವ ಹುಡುಗರ ಮೇಲೆ ನಿಮಗೇನೂ ಕೋಪವಿಲ್ಲವಲ್ಲ. ದೀಪ ಆರಿಸಿ ಒಳಗೆ ಕೂರುವವರನ್ನು ಕಂಡಿದ್ದೇನೆ. ತಂಡದ ಚಿಕ್ಕ ಮಕ್ಕಳು ಅದನ್ನು ನೆನಪಿಟ್ಟುಕೊಳ್ಳುತ್ತಾರೆ.

ನೆರೆಮನೆಗಳ ತಟ್ಟೆಯ ವಿಷಯ ಇದಕ್ಕಿಂತ ಸೂಕ್ಷ್ಮ. ಯುಗಾದಿಗೆ ಹೋಳಿಗೆ, ಗೌರಿ ಗಣೇಶಕ್ಕೆ ಕಡುಬು, ರಂಜಾನಿಗೆ ಸುರಕುಂಬಾ ನಿಮ್ಮ ಮನೆಗೆ ಬಂದಿರುತ್ತವೆ, ಬಂದ ತಟ್ಟೆಯನ್ನು ಖಾಲಿ ಕಳಿಸಬಾರದೆಂದು ನೀವು ಸಕ್ಕರೆಯನ್ನಷ್ಟೇ ಹಾಕಿ ಕಳಿಸಿರುತ್ತೀರಿ, ನಿಮ್ಮ ಸರದಿ ಡಿಸೆಂಬರಿನಲ್ಲಿ ಎಂಬುದು ಎರಡೂ ಕಡೆಯವರಿಗೆ ಗೊತ್ತು. ಈ ಋಣವನ್ನು ಬಿಡುವ ಪಟ್ಟಿಗೆ ಸೇರಿಸಬಾರದು, ದಿನವನ್ನು ಮಾತ್ರ ಬದಲಿಸಬಹುದು. ನಮ್ಮ ಜಿಲ್ಲೆಯಲ್ಲಿ ಅದು ಅವರೆಕಾಯಿಯ ಕಾಲ. ಹಬ್ಬ ಕಳೆದ ವಾರದಲ್ಲಿ, ಸೊಗಡು ಇಳಿಯುವ ಮೊದಲು, ಮನೆಗೊಂದು ಸೇರು ಒಳ್ಳೆಯ ಕಾಯಿ ಕೊಟ್ಟು, ಈ ವರ್ಷ ತಿಂಡಿ ಮಾಡಲಿಲ್ಲ ಎಂದು ನೇರವಾಗಿ ಹೇಳಿ. ಬಾಗಿಲಲ್ಲಿ ನಿಂತು ಎರಡು ನಿಮಿಷ ಮಾತಾಡಿ ಬನ್ನಿ, ಮಕ್ಕಳ ಕೈಯಲ್ಲಿ ಕಳಿಸಬೇಡಿ.

ಕಚೇರಿಯ ಸೀಕ್ರೆಟ್ ಸ್ಯಾಂಟಾದಿಂದ ಹೊರಗುಳಿಯುವವರು ಹೆಸರಿನ ಚೀಟಿ ಎತ್ತುವ ಮೊದಲೇ ಹೇಳಿದರೆ ಸಾಕು. ಶಾಲೆಯ ವಿಷಯ ಎಲ್ಲ ಧರ್ಮದ ತಂದೆತಾಯಿಯರಿಗೂ ಸೇರಿದ್ದು, ಏಕೆಂದರೆ ಸ್ಯಾಂಟಾ ವೇಷ ಕೇಳದ ನರ್ಸರಿ ಈಗ ಕಡಿಮೆ. ಬಾಡಿಗೆಗೆ ಸಿಗುವ ಆ ಕೆಂಪು ಪಾಲಿಯೆಸ್ಟರ್ ಅಂಗಿ ಮಗುವಿನ ಕುತ್ತಿಗೆಯಲ್ಲಿ ನವೆ ಎಬ್ಬಿಸುತ್ತದೆ, ಹತ್ತಿಯ ಗಡ್ಡದ ಎಳೆಗಳು ಬಾಯಿಗೆ ಹೋಗುತ್ತವೆ. ನಾನಂತೂ ಯಾವ ಮಗುವಿಗೂ ಅದನ್ನು ತೊಡಿಸುವುದಿಲ್ಲ. ಮಗು ತನ್ನ ಬಟ್ಟೆಯಲ್ಲೇ ಹಾಡಿನ ತಂಡದಲ್ಲಿ ನಿಲ್ಲಲಿ ಎಂದು ಡೈರಿಯಲ್ಲಿ ಎರಡು ಸಾಲು ಬರೆದು ಮಿಸ್‌ಗೆ ಕಳಿಸಿ. ಮಗುವಿಗೇ ವೇಷ ಹಾಕಿಕೊಳ್ಳುವ ಆಸೆಯಿದ್ದರೆ ನಿಮ್ಮ ನಿರ್ಧಾರವನ್ನು ಅದರ ಮೇಲೆ ಹೇರಬೇಡಿ. ಆಗ ಮನೆಯಲ್ಲಿರುವ ಒಂದು ಕೆಂಪು ಅಂಗಿ ಸಾಕು.

ನಕ್ಷತ್ರ, ಸೀರಿಯಲ್ ಸೆಟ್ ಅಟ್ಟದಲ್ಲೇ ಇರಲಿ. ಅಂಗಡಿಗಳ ಆಫರ್ ಸಂದೇಶಗಳನ್ನು ಮ್ಯೂಟ್ ಮಾಡಿ.

ಹಬ್ಬದ ದಿನವನ್ನು ಖಾಲಿ ಬಿಟ್ಟರೆ ಹಳೆಯ ಅಭ್ಯಾಸ ಮಧ್ಯಾಹ್ನದೊಳಗೆ ನಿಮ್ಮನ್ನು ಬಿರಿಯಾನಿ ಅಂಗಡಿಯ ಸಾಲಿಗೆ ನಿಲ್ಲಿಸುತ್ತದೆ. ನನ್ನ ಖಚಿತ ಸಲಹೆ ಹಿದುಕಿದ ಬೇಳೆ ಸಾರು ಮತ್ತು ರಾಗಿ ಮುದ್ದೆ. 24ರ ರಾತ್ರಿ ಅವರೆಕಾಳನ್ನು ನೆನೆಹಾಕಿದರೆ ಬೆಳಿಗ್ಗೆ ಆರಾಧನೆ ಮುಗಿಸಿ ಬಂದು ಮನೆಯವರೆಲ್ಲ ಪಾತ್ರೆಯ ಸುತ್ತ ಕೂತು ಹಿದುಕಬಹುದು. ಹೆಬ್ಬೆರಳು ತೋರುಬೆರಳಿನ ನಡುವೆ ಮೆಲ್ಲಗೆ ಒತ್ತಿದರೆ ಬೇಳೆ ಜಾರಿ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಐದು ವರ್ಷದ ಮಗುವೂ ಮಾಡುವ ಕೆಲಸ ಅದು. ಹಿಂದಿನ ದಿನವೇ ಹಿದುಕಿಟ್ಟ ಬೇಳೆ ಮಾರುಕಟ್ಟೆಯಲ್ಲಿ ಸಿಗುತ್ತದೆ, ಕೊಳ್ಳಬೇಡಿ, ಅದರಲ್ಲಿ ಹುಳಿ ವಾಸನೆ ಇರುತ್ತದೆ. ಮಧ್ಯಾಹ್ನದೊಳಗೆ ದೂರದ ಹಿರಿಯರಿಗೆ ನೀವೇ ಫೋನ್ ಮಾಡಿ, ಅವರ ಕರೆಗೆ ಕಾಯಬೇಡಿ. ಕರೆಯದೆ ಬಂದ ನೆಂಟರಿಗೆ ಕಾಫಿ ಕೊಡಿ, ಸಾರು ಸಾಕಷ್ಟಿದ್ದರೆ ಊಟಕ್ಕೂ ಕೂರಿಸಿ, ಕ್ಷಮೆ ಮಾತ್ರ ಕೇಳಬೇಡಿ.

ಕೊನೆಯ ಹಂತ ಜನವರಿಯಲ್ಲಿದೆ, ಇದನ್ನು ಎಲ್ಲರೂ ಮರೆಯುತ್ತಾರೆ. ತಿಂಗಳು ತಿಂಗಳು ಕಟ್ಟಿ ಡಿಸೆಂಬರಿನಲ್ಲಿ ದಿನಸಿ, ಬಟ್ಟೆ, ಪಾತ್ರೆ ಪಡೆಯುವ ಕ್ರಿಸ್‌ಮಸ್ ಚೀಟಿಯೇ ಅನೇಕ ಮನೆಗಳಲ್ಲಿ ಹಬ್ಬವನ್ನು ಮುಂದಿನ ವರ್ಷಕ್ಕೂ ಕಟ್ಟಿಹಾಕುತ್ತದೆ. ನಡುವೆ ಬಿಟ್ಟರೆ ಕಟ್ಟಿದ ಹಣ ಕೈಗೆ ಬರುವುದು ಕಷ್ಟ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾಗದ ಚೀಟಿಯಾದರೆ ಕೇಳಲು ಸರಿಯಾದ ದಾರಿಯೂ ಇರುವುದಿಲ್ಲ. ಆದ್ದರಿಂದ ಈಗಾಗಲೇ ಸೇರಿದವರು ಕಂತು ಮುಗಿಸಿ, ಸಾಮಾನಿನ ಬದಲು ನಗದು ಕೊಡುವಂತೆ ನವೆಂಬರಿನಲ್ಲೇ ಕೇಳಿ. ಹೊಸ ವರ್ಷದ ಮೊದಲ ಕಂತಿಗೆ ಚೀಟಿ ನಡೆಸುವ ಅಕ್ಕ ಪುಸ್ತಕ ಹಿಡಿದು ಬಂದಾಗ, ಈ ಸಲ ನನ್ನ ಹೆಸರು ಬರೆಯಬೇಡಿ ಅಕ್ಕ ಎಂದು ಹೇಳಿ, ಹಳೆಯ ಲೆಕ್ಕ ಚುಕ್ತಾ ಆದದ್ದಕ್ಕೆ ಆ ಪುಸ್ತಕದಲ್ಲೇ ಸಹಿ ಹಾಕಿಸಿಕೊಳ್ಳಿ.