ಕ್ಲಾಸಿನೊಳಗೆ ಇನ್ನೊಂದು ಆಬ್ಜೆಕ್ಟ್: ಅದನ್ನು ಹುಟ್ಟಿಸೋದು ಯಾರು?

ಸಿ++ ಅಥವಾ ಜಾವಾದಲ್ಲಿ ಸ್ಟೂಡೆಂಟ್ ಅಂತ ಒಂದು ಕ್ಲಾಸ್ (ಆಬ್ಜೆಕ್ಟ್ ಮಾಡೋಕೆ ಬಳಸುವ ಅಚ್ಚು) ಬರೆಯುತ್ತಿದ್ದೀರಿ. ಹೆಸರು, ರೋಲ್ ನಂಬರ್, ಹುಟ್ಟಿದ ದಿನ ಬೇಕು. ಹುಟ್ಟಿದ ದಿನಕ್ಕೆ ಮೂರು ಇಂಟ್ (ಪೂರ್ಣಾಂಕ) ಇಟ್ಟು, ಯಾರಾದರೂ ಫೆಬ್ರವರಿ 30 ಅಂತ ಕೊಟ್ಟರೆ ಏನು ಮಾಡೋದು ಅನ್ನುವ ಚೆಕ್ಕನ್ನೂ ಅಲ್ಲೇ ತುರುಕುವವರು ಜಾಸ್ತಿ. ನಾಳೆ ಅಡ್ಮಿಷನ್ ದಿನವೂ ಬೇಕು ಅಂದರೆ ಮತ್ತೆ ಮೂರು ಇಂಟ್, ಮತ್ತೆ ಅದೇ ಚೆಕ್. ಯಾಕೆ ಈ ಗೋಳು?

ಮೊದಲು ಡೇಟ್ ಅಂತ ಬೇರೆ ಕ್ಲಾಸ್ ಮಾಡಿ. ದಿನ, ತಿಂಗಳು, ವರ್ಷ ಮೂರೂ ಪ್ರೈವೇಟ್ ಇರಲಿ, ಹೊರಗಿನವರು ನೇರವಾಗಿ ಮುಟ್ಟದ ಹಾಗೆ. ಆಬ್ಜೆಕ್ಟ್ ಹುಟ್ಟುವಾಗ ಓಡುವ ಕನ್‌ಸ್ಟ್ರಕ್ಟರ್ ಮೂರನ್ನೂ ಕೇಳಿ ತಗೊಳ್ಳಲಿ, ತಪ್ಪಿದ್ದರೆ ಅಲ್ಲೇ ತಡೆಯಲಿ.

ಈಗ ಸ್ಟೂಡೆಂಟ್ ಒಳಗೆ ಒಂದೇ ಸಾಲು: ಡೇಟ್ ಅಂತ ಬರೆದು, ಪಕ್ಕದಲ್ಲಿ ಡಿಒಬಿ (ಹುಟ್ಟಿದ ದಿನಕ್ಕೆ ಇಟ್ಟ ಹೆಸರು), ಒಂದು ಸೆಮಿಕೋಲನ್. ಸಿ++ ಮತ್ತು ಜಾವಾ ಎರಡರಲ್ಲೂ ಈ ಸಾಲು ಒಂದೇ ಥರ ಕಾಣುತ್ತದೆ, ಆದರೆ ಅರ್ಥ ಬೇರೆ. ಸಿ++ನಲ್ಲಿ ನಿಜವಾದ ಡೇಟ್ ಆಬ್ಜೆಕ್ಟೇ ಸ್ಟೂಡೆಂಟ್ ಒಳಗೆ ಕೂತಿರುತ್ತದೆ. ಜಾವಾದಲ್ಲಿ ಸಿಗೋದು ವಿಳಾಸ ಬರೆಯೋಕೆ ಒಂದು ಖಾಲಿ ಚೀಟಿ ಅಷ್ಟೆ, ಅದರಲ್ಲಿ ಶುರುವಿಗೆ ಇರೋದು ನಲ್, ಅಂದರೆ ಯಾವ ವಿಳಾಸವೂ ಇಲ್ಲ. ನ್ಯೂ ಹಾಕಿ ನೀವೇ ಡೇಟ್ ಹುಟ್ಟಿಸಬೇಕು. ಮರೆತು ಡಿಒಬಿಯ ಮೇಲೆ ಮೆಥಡ್ ಕರೆದರೆ ನಲ್ ಪಾಯಿಂಟರ್ ಎಕ್ಸೆಪ್ಶನ್.

ಸಿ++ನಲ್ಲಿ ಪೇಚಾಟ ಬೇರೆ. ಡೇಟ್‌ಗೆ ಮೂರು ಬೆಲೆ ಕೇಳುವ ಕನ್‌ಸ್ಟ್ರಕ್ಟರ್ ಬರೆದಿರಿ ಅಲ್ವಾ, ಆಗಲೇ ಕಂಪೈಲರ್ ತಾನಾಗಿ ಕೊಡುತ್ತಿದ್ದ, ಯಾವ ಬೆಲೆಯನ್ನೂ ಕೇಳದ ಡಿಫಾಲ್ಟ್ ಕನ್‌ಸ್ಟ್ರಕ್ಟರ್ ಹೋಯಿತು. ಸ್ಟೂಡೆಂಟ್ ಕನ್‌ಸ್ಟ್ರಕ್ಟರಿನ ಹೂಬ್ರಾಕೆಟ್ ತೆರೆಯುವ ಹೊತ್ತಿಗೆ ಒಳಗಿನ ಮೆಂಬರ್‌ಗಳೆಲ್ಲ ಹುಟ್ಟಿಯೇ ಇರಬೇಕು, ಹಾಗಾಗಿ ಬ್ರಾಕೆಟ್ ಒಳಗೆ ದಿನಾಂಕ ತುಂಬುತ್ತೇನೆ ಅಂದರೆ ತಡವಾಯಿತು, ಎರರ್ ಬರುತ್ತದೆ. ನಾನು ಕಲಿಯುವಾಗ ಆ ಎರರ್ ಬಾಯಿ ಮುಚ್ಚಿಸೋಕೆ ಡೇಟ್‌ಗೆ ಸುಮ್ನೆ ಒಂದು ಖಾಲಿ ಕನ್‌ಸ್ಟ್ರಕ್ಟರ್ ಸೇರಿಸಿದ್ದೆ. ಸ್ಟೂಡೆಂಟಿನ ಎರಡನೇ ಕನ್‌ಸ್ಟ್ರಕ್ಟರಿನಲ್ಲಿ ದಿನಾಂಕ ತುಂಬೋದು ಮರೆತುಹೋಯಿತು, ಪ್ರಿಂಟ್ ಮಾಡಿದರೆ ಹುಟ್ಟಿದ ತಿಂಗಳು 32 ಸಾವಿರದ ಚಿಲ್ಲರೆ! ಸರಿಯಾದ ದಾರಿ ಇನಿಷಿಯಲೈಸರ್ ಲಿಸ್ಟ್. ಕನ್‌ಸ್ಟ್ರಕ್ಟರಿನ ಆವರಣ ಮುಗಿದ ಮೇಲೆ ಕೋಲನ್ ಹಾಕಿ, ಡಿಒಬಿ ಅಂತ ಬರೆದು, ಅದರ ಆವರಣದಲ್ಲಿ ಮೂರು ಬೆಲೆ ಕೊಡಿ. ಆಮೇಲೆ ಹೂಬ್ರಾಕೆಟ್.

ಇಲ್ಲೊಂದು ಸೂಕ್ಷ್ಮ ಇದೆ. ಮೆಂಬರ್‌ಗಳು ಹುಟ್ಟೋದು ಕ್ಲಾಸಿನಲ್ಲಿ ನೀವು ಬರೆದ ಸಾಲಿನ ಕ್ರಮದಲ್ಲಿ, ಲಿಸ್ಟಿನ ಕ್ರಮದಲ್ಲಿ ಅಲ್ಲ. ಡಿಒಬಿ ನೋಡಿ ವಯಸ್ಸು ಲೆಕ್ಕ ಹಾಕುತ್ತೀರಿ, ಆದರೆ ವಯಸ್ಸನ್ನು ಡಿಒಬಿಗಿಂತ ಮೇಲೆ ಬರೆದಿದ್ದೀರಿ ಅಂದರೆ, ಇನ್ನೂ ಹುಟ್ಟದ ದಿನಾಂಕದಿಂದ ಲೆಕ್ಕ ನಡೆಯುತ್ತದೆ. ಜಿಸಿಸಿ ಅನ್ನುವ ಕಂಪೈಲರಿನಲ್ಲಿ ಮೈನಸ್ ಡಬ್ಲ್ಯೂ ಆಲ್ ಹಾಕಿ ಕಂಪೈಲ್ ಮಾಡಿದರೆ, ಲಿಸ್ಟಿನ ಕ್ರಮ ಬೇರೆ ಇದ್ದಾಗ ಎಚ್ಚರಿಸುತ್ತದೆ. ಮೆಂಬರ್‌ಗಳು ಸಾಯೋದು ಹುಟ್ಟಿದ್ದರ ಉಲ್ಟಾ ಕ್ರಮದಲ್ಲಿ.

ಜಾವಾದವರು ಗೆಟರ್ (ಒಳಗಿನದನ್ನು ಹೊರಗೆ ಕೊಡುವ ಮೆಥಡ್) ಕಡೆ ಕಣ್ಣಿಡಿ. ನೀವು ಬರೆದ ಡೇಟ್ ಬದಲು ಜಾವಾದಲ್ಲೇ ಇರುವ ಹಳೆಯ ಡೇಟ್ ಕ್ಲಾಸನ್ನು ಬಳಸಿ ಒಳಗಿನ ಆಬ್ಜೆಕ್ಟನ್ನು ಹಾಗೇ ಹೊರಗೆ ಕೊಟ್ಟರೆ, ಪಡೆದವರು ಸೆಟ್‌ಟೈಮ್ ಕರೆದು ನಿಮ್ಮ ಸ್ಟೂಡೆಂಟಿನ ಹುಟ್ಟಿದ ದಿನವನ್ನೇ ಬದಲಿಸಬಹುದು. ಪ್ರೈವೇಟ್ ಅಂತ ಬರೆದದ್ದು ನೀರಲ್ಲಿ ಹೋಮ. ಕಾಪಿ ಕೊಡಿ, ಅಥವಾ 2014ರಲ್ಲಿ ಜಾವಾ 8ರ ಜೊತೆ ಬಂದ ಲೋಕಲ್‌ಡೇಟ್ ಬಳಸಿ, ಅದನ್ನು ಯಾರೂ ಬದಲಿಸೋಕಾಗಲ್ಲ.

ಡೇಟ್‌ನಿಂದ ಸ್ಟೂಡೆಂಟನ್ನು ಇನ್‌ಹೆರಿಟ್ ಮಾಡಿದರೆ, ಅಂದರೆ ಡೇಟ್‌ನ ಗುಣಗಳೆಲ್ಲ ಸ್ಟೂಡೆಂಟಿಗೆ ಬರುವ ಹಾಗೆ ಮಾಡಿದರೆ, ಆಗಲ್ವಾ ಅಂತ ಕೇಳುವವರಿದ್ದಾರೆ. ಸ್ಟೂಡೆಂಟ್‌ಗೆ ಹುಟ್ಟಿದ ದಿನ ಇದೆ, ಸ್ಟೂಡೆಂಟೇ ಒಂದು ದಿನಾಂಕ ಅಲ್ಲ. ದೊಡ್ಡವರೂ ಇಲ್ಲಿ ಎಡವಿದ್ದಾರೆ: ಜಾವಾದ ಸ್ಟ್ಯಾಕ್ ಕ್ಲಾಸ್ (ತಟ್ಟೆಗಳ ಜೋಡಣೆಯ ಹಾಗೆ ಮೇಲಿಂದಷ್ಟೇ ಇಟ್ಟು ತೆಗೆಯಬೇಕಾದದ್ದು) ವೆಕ್ಟರ್‌ನಿಂದ (ಎಲ್ಲಿ ಬೇಕಾದರೂ ಸೇರಿಸಬಹುದಾದ ಪಟ್ಟಿ) ಇನ್‌ಹೆರಿಟ್ ಆಗಿದೆ, ಹಾಗಾಗಿ ಜೋಡಿಸಿಟ್ಟ ತಟ್ಟೆಗಳ ತಳಕ್ಕೂ ಒಂದು ತಟ್ಟೆ ತುರುಕಬಹುದು.

ಕೊನೆಯದು, ಕ್ಲಾಸ್ ಟೀಚರ್. ಹುಟ್ಟಿದ ದಿನ ಒಬ್ಬೊಬ್ಬರದು, ಟೀಚರ್ ಅರವತ್ತು ಮಕ್ಕಳಿಗೂ ಒಬ್ಬರೇ. ಸಿ++ನಲ್ಲಿ ಟೀಚರನ್ನು ಡೇಟ್ ಥರ ನೇರವಾಗಿ ಒಳಗಿಟ್ಟರೆ ಅರವತ್ತು ಕಾಪಿ ಆಗುತ್ತವೆ, ಒಂದರಲ್ಲಿ ಫೋನ್ ನಂಬರ್ ಬದಲಿಸಿದರೆ ಉಳಿದ ಐವತ್ತೊಂಬತ್ತಕ್ಕೆ ಗೊತ್ತೇ ಆಗಲ್ಲ. ಇಲ್ಲಿ ಪಾಯಿಂಟರ್, ಅಂದರೆ ಟೀಚರಿನ ವಿಳಾಸ ಮಾತ್ರ, ಇಡಿ. ಆದರೆ ಸ್ಟೂಡೆಂಟ್ ಸಾಯುವಾಗ ಓಡುವ ಡಿಸ್ಟ್ರಕ್ಟರಿನಲ್ಲಿ ಆ ಟೀಚರನ್ನು ಡಿಲೀಟ್ ಮಾಡಬೇಡಿ. ಮಾಡಿದಿರೋ, ಮೊದಲ ಹುಡುಗ ಟಿಸಿ ತಗೊಂಡು ಹೋದ ಕೂಡಲೇ ಟೀಚರೂ ಮಾಯ, ಎರಡನೆಯವನು ಹೊರಟಾಗ ಪ್ರೋಗ್ರಾಮೇ ಕುಸಿದು ಬೀಳಬಹುದು.